ಆಡಿದ ಮಾತನ್ನು ತಿದ್ದದೆ ಬರೆದುಕೊಳ್ಳಿ: ಸಂಕಥನ ವಿಶ್ಲೇಷಣೆ ಮಾಡುವ ಕ್ರಮ

ವೈದ್ಯರ ಮುಂದೆ ರೋಗಿ ಹೇಳಿಕೊಂಡದ್ದು, ತರಗತಿಯ ಪ್ರಶ್ನೋತ್ತರ, ಪೊಲೀಸರು ಬರೆದುಕೊಂಡ ಹೇಳಿಕೆ, ಪತ್ರಿಕೆಯ ಶೀರ್ಷಿಕೆ ಇವೆಲ್ಲ ಸಂಕಥನ ವಿಶ್ಲೇಷಣೆಗೆ (ಡಿಸ್ಕೋರ್ಸ್ ಅನಾಲಿಸಿಸ್), ಅಂದರೆ ಮಾತು, ಬರಹ ಬಳಕೆಯಲ್ಲಿ ಹೇಗೆ ಕಟ್ಟಿಕೊಳ್ಳುತ್ತವೆ ಎಂಬ ಅಧ್ಯಯನಕ್ಕೆ, ಸಾಮಗ್ರಿ. ಭಾಷಾವಿಜ್ಞಾನಿ ಜೆಲಿಗ್ ಹ್ಯಾರಿಸ್ 1952ರಲ್ಲಿ ಈ ಹೆಸರಿನಲ್ಲೇ ಒಂದು ಪ್ರಬಂಧ ಪ್ರಕಟಿಸಿ, ಬಿಡಿ ವಾಕ್ಯದ ಆಚೆಗೂ ಭಾಷೆಗೆ ಕಟ್ಟೋಣವಿದೆ ಎಂದು ತೋರಿಸಿದರು. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ತೊಡಕು ಒಂದೇ: ಸಿದ್ಧಾಂತವೆಲ್ಲ ಸರಿಯಾಗಿರುತ್ತದೆ, ಆದರೆ ಹಾಳೆಯ ಮೇಲಿನ ಮಾತು ಆಡಿದವರದ್ದಾಗಿರುವುದಿಲ್ಲ.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳಿ. ಉದಾಹರಣೆಗೆ, ಭೇಟಿ ಮುಗಿಯುವ ಹೊತ್ತಿನಲ್ಲಿ ಇನ್ನೊಂದು ತೊಂದರೆಯನ್ನು ಹೇಳಿಕೊಳ್ಳಲು ರೋಗಿಗೆ ಅವಕಾಶ ಹೇಗೆ ಸಿಗುತ್ತದೆ, ಹೇಗೆ ತಪ್ಪಿಹೋಗುತ್ತದೆ? ಆಮೇಲೆ ಲಿಖಿತ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಹೆಸರುಗಳನ್ನು ಬದಲಿಸಿ.

ಮೂರನೆಯದು ಬರಹಕ್ಕಿಳಿಸುವ ಹಂತ. ಕೆಲಸ ಕೆಡುವುದು ಇಲ್ಲಿಯೇ. ಒಂದು ಗಂಟೆಯ ಮಾತನ್ನು ಅರೆಬರೆಯಾಗಿ ಬರೆಯುವ ಬದಲು ಐದು ನಿಮಿಷದ ಮಾತನ್ನು ಹೆಡ್‌ಫೋನ್ ಹಾಕಿಕೊಂಡು ಹತ್ತಾರು ಸಲ ಕೇಳಿ ಬರೆಯಿರಿ. ಗ್ರಾಂಥಿಕ ಕನ್ನಡಕ್ಕೆ ಪಳಗಿದ ನಮ್ಮ ಕೈ ‘ಬರ್ತದ್ರೀ’ ಎಂಬುದನ್ನು ತನಗರಿವಿಲ್ಲದೆಯೇ ‘ಬರುತ್ತದೆ’ ಎಂದು ತಿದ್ದಿಬಿಡುತ್ತದೆ, ಅದರೊಡನೆ ಪ್ರದೇಶವೂ ‘ರೀ’ಯಲ್ಲಿದ್ದ ಮರ್ಯಾದೆಯೂ ಅಳಿಸಿಹೋಗುತ್ತವೆ. ಅಭ್ಯಾಸಕ್ಕೆಂದು ನಾನು ರಚಿಸಿಕೊಟ್ಟಿರುವ ಈ ತುಣುಕನ್ನು ನೋಡಿ:

ವೈದ್ಯರು: ಮತ್ತೇನೂ ತೊಂದ್ರೆ ಇಲ್ಲಲ್ಲಾ?
(1.2)
ರೋಗಿ: ಹಾಂ:: ಇಲ್ರೀ ಸರ.

ಇದನ್ನು ‘ಇಲ್ಲ ಸರ್’ ಎಂದಷ್ಟೇ ಬರೆದರೆ ಉತ್ತರಕ್ಕೆ ಮುಂಚಿನ 1.2 ಸೆಕೆಂಡಿನ ಮೌನವೂ ಎಳೆದು ಆಡಿದ ‘ಹಾಂ’ ಕೂಡ ಕಳೆದುಹೋಗುತ್ತವೆ. ರೋಗಿ ಹಿಂಜರಿದಿರಬಹುದು ಎನ್ನಲು ನಮ್ಮ ಕೈಯಲ್ಲಿದ್ದ ಆಧಾರ ಅವೆರಡೇ. ಈ ಚಿಹ್ನೆಗಳ ಪದ್ಧತಿಯನ್ನು ರೂಪಿಸಿದವರು ಸಂಭಾಷಣೆಯ ಸಂಶೋಧಕಿ ಗೇಲ್ ಜೆಫರ್ಸನ್: ಕಂಸದೊಳಗಿನ ಅಂಕಿ ಮೌನದ ಅವಧಿ, ಚುಕ್ಕಿಜೋಡಿ ಎಳೆತ, ಚೌಕ ಕಂಸ ಇಬ್ಬರೂ ಒಟ್ಟಿಗೆ ಮಾತಾಡಿದ ಜಾಗ. ಕನ್ನಡದಲ್ಲಿ ಒಂದೇ ಚುಕ್ಕಿಜೋಡಿ ವಿಸರ್ಗದಂತೆ ಕಾಣುವುದರಿಂದ ಯಾವಾಗಲೂ ಎರಡು ಜೋಡಿ (::) ಹಾಕಿ. ಒತ್ತಿ ಹೇಳಿದ ಪದಕ್ಕೆ ಅವರ ಪದ್ಧತಿಯಲ್ಲಿ ಅಡಿಗೆರೆ ಇದೆ, ನಮ್ಮಲ್ಲಿ ಅದು ಒತ್ತಕ್ಷರಗಳ ಮೇಲೆ ಹಾಯುವುದರಿಂದ ದಪ್ಪಕ್ಷರ ಬಳಸಿ. ಮಾತನ್ನು ತಾನಾಗಿಯೇ ಅಕ್ಷರಕ್ಕಿಳಿಸುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಹೂಂಗುಟ್ಟಿದ್ದನ್ನೂ ತೊದಲಿದ್ದನ್ನೂ ಅವುಗಳಲ್ಲಿ ಹೆಚ್ಚಿನವು ಕಸವೆಂದು ಗುಡಿಸಿಹಾಕುತ್ತವೆ. ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ‘ಎಲಾನ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಮೌನವನ್ನು ಅಳೆಯಲು ಅದು ಸಾಕು.

ವಿಶ್ಲೇಷಿಸುವಾಗ ಪ್ರತಿ ಸಾಲಿಗೂ ‘ಈ ಮಾತು ಇಲ್ಲೇ ಏಕೆ ಬಂತು’ ಎಂದು ಕೇಳಿಕೊಳ್ಳಿ. ಉತ್ತರವನ್ನು ಮುಂದಿನವರು ಆಡಿದ ಮಾತಿನಲ್ಲಿ ಹುಡುಕಿ. ಮಾತಾಡಿದವರ ಮನಸ್ಸನ್ನು ಊಹಿಸಲು ಹೋಗಬೇಡಿ.

ಇಷ್ಟು ಸೂಕ್ಷ್ಮತೆ ಯಾವ ಪ್ರಯೋಜನಕ್ಕೆ ಎಂಬುದಕ್ಕೆ ಆಸ್ಪತ್ರೆಯ ಉದಾಹರಣೆಯೇ ಇದೆ. ಸಮಾಜವಿಜ್ಞಾನಿ ಜಾನ್ ಹೆರಿಟೇಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಭೇಟಿಯ ವೇಳೆ ವೈದ್ಯರು ಕೇಳುವ ‘ಬೇರೆ ಏನಾದರೂ ಇದೆಯೇ’ ಎಂಬ ಪ್ರಶ್ನೆಯಲ್ಲಿ ಇಂಗ್ಲಿಷಿನ ‘ಎನಿ’ (any) ಬದಲು ‘ಸಮ್’ (some) ಎಂಬ ಪದ ಬಳಸಿದಾಗ, ರೋಗಿಗಳು ಹೇಳದೆ ಉಳಿಸಿಕೊಳ್ಳುತ್ತಿದ್ದ ತೊಂದರೆಗಳಲ್ಲಿ 78 ಪ್ರತಿಶತ ಇಲ್ಲವಾದವು. ‘ಎನಿ’ ಬಳಸಿದ ಪ್ರಶ್ನೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ನ್ಯಾಯಾಲಯದಲ್ಲಿ ಇನ್ನೂ ದೊಡ್ಡ ಪ್ರಮಾದವೇ ಆಗಬಹುದು. ಇಂಗ್ಲೆಂಡಿನಲ್ಲಿ ಕೊಲೆ ಪ್ರಕರಣವೊಂದರಲ್ಲಿ 1953ರಲ್ಲಿ ಗಲ್ಲಿಗೇರಿದ ಡೆರೆಕ್ ಬೆಂಟ್ಲಿಯ ಹೇಳಿಕೆಯನ್ನು ಅವನ ಸ್ವಂತ ಮಾತೆಂದೇ ಪೊಲೀಸರು ಹೇಳಿದ್ದರು. ಅದರಲ್ಲಿ ಕರ್ತೃವಿನ ನಂತರ ‘ದೆನ್’ (then, ‘ಆಮೇಲೆ’) ಬರುವ ಪದಕ್ರಮ ಸಾಮಾನ್ಯರ ಮಾತಿನಲ್ಲಿ ಅಪರೂಪ, ಪೊಲೀಸರ ಬರವಣಿಗೆಯಲ್ಲಿ ಮಾಮೂಲು ಎಂದು ಭಾಷಾವಿಜ್ಞಾನಿ ಮಾಲ್ಕಮ್ ಕೋಲ್ತಾರ್ಡ್ ತೋರಿಸಿದರು. 1998ರಲ್ಲಿ ಶಿಕ್ಷೆಯ ತೀರ್ಪು ರದ್ದಾಯಿತು, ಆದರೆ ಅದಕ್ಕೆ ಮುಖ್ಯ ಕಾರಣ ವಿಚಾರಣೆಯ ನ್ಯಾಯಾಧೀಶರು ಜ್ಯೂರಿಗೆ ನೀಡಿದ ಸೂಚನೆಗಳಲ್ಲಿನ ದೋಷ. ಶೀರ್ಷಿಕೆಗಳನ್ನು ನೋಡುವವರು ‘ರೈತರ ಮೇಲೆ ಲಾಠಿ ಪ್ರಹಾರ’ ಎಂಬಲ್ಲಿ ಕರ್ತೃಪದ ಎಲ್ಲಿ ಹೋಯಿತೆಂದು ಕೇಳಿಕೊಳ್ಳಲಿ.

ಬರವಣಿಗೆ ಮುಗಿದ ಮೇಲೆ, ಮಾತಾಡಿದವರ ಸೀಮೆಯ ಕನ್ನಡವನ್ನೇ ಆಡುವ ಇನ್ನೊಬ್ಬರ ಕೈಗೆ ಧ್ವನಿಮುದ್ರಣವನ್ನೂ ಬರೆದ ಪ್ರತಿಯನ್ನೂ ಒಟ್ಟಿಗೆ ಕೊಡಿ. ಧ್ವನಿಮುದ್ರಣ ಹೊರಗೆ ಹೋಗುವುದಕ್ಕೆ ಒಪ್ಪಿಗೆಪತ್ರದಲ್ಲಿ ಅನುಮತಿ ಇರಲೇಬೇಕು. ಅವರು ತಿದ್ದಿದ ಜಾಗಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಆ ಸಾಲುಗಳನ್ನು ಮತ್ತೊಮ್ಮೆ ಕೇಳಿ.