ಮ್ಯಾಕ್ ಅಂಡ್ ಚೀಸ್‌ಗೆ ಒಂದು ಒಗ್ಗರಣೆ

ಬೇಯಿಸಿದ ಮ್ಯಾಕರೋನಿ, ಹಾಲಿನ ಗಟ್ಟಿ ಸಾಸ್, ಅದರಲ್ಲಿ ಕರಗಿದ ಚೀಸ್. ಅಮೆರಿಕದಲ್ಲಿ ಮಕ್ಕಳು ಹಟ ಮಾಡಿದರೂ ಇದೇ, ಮೈಗೆ ಹುಷಾರಿಲ್ಲದಿದ್ದರೂ ಇದೇ. ದಕ್ಷಿಣದ ರಾಜ್ಯಗಳ ಕಪ್ಪು ಜನರ ಮನೆಗಳಲ್ಲಂತೂ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಇದು ಬೇಕೇ ಬೇಕು. ನಮ್ಮವರು ಮೊದಲ ಸಲ ತಿಂದಾಗ ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: 'ಚೆನ್ನಾಗಿದೆ, ಆದರೆ ಸಪ್ಪೆ.' ಆಮೇಲೆ ಡಬ್ಬಿಯಿಂದ ಗರಂ ಮಸಾಲೆಯೋ ಚಾಟ್ ಮಸಾಲೆಯೋ ತೆಗೆದು ಮೇಲೆ ಉದುರಿಸುತ್ತಾರೆ. ಅಲ್ಲಿಗೆ ಕೆಟ್ಟಿತು. ಪುಡಿ ನಾಲಿಗೆಗೆ ಒರಟಾಗಿ ಸಿಗುತ್ತದೆ, ಹಸಿ ವಾಸನೆ ಹೋಗುವುದಿಲ್ಲ, ಚೀಸಿನ ರುಚಿಯೂ ಮುಚ್ಚಿಹೋಗುತ್ತದೆ.

ಮಸಾಲೆ ಹಾಕಬೇಡಿ ಎನ್ನುತ್ತಿಲ್ಲ. ಯಾವಾಗ ಹಾಕುತ್ತೀರಿ ಎನ್ನುವುದರಲ್ಲೇ ಎಲ್ಲಾ ಇದೆ. ಈ ಸಾಸ್ ಶುರುವಾಗುವುದೇ ಬಿಸಿ ಬೆಣ್ಣೆಯಿಂದ. ಬಿಸಿ ಜಿಡ್ಡು ಕಂಡರೆ ನಾವು ಏನು ಮಾಡುತ್ತೇವೆ? ಒಗ್ಗರಣೆ ಹಾಕುತ್ತೇವೆ. ಅಷ್ಟೇ. ಅರಿಸಿನದ ಹಳದಿ, ಮೆಣಸಿನಕಾಯಿಯ ಕೆಂಪು ಮತ್ತು ಖಾರ, ಜೀರಿಗೆಯ ಘಮ ಇವೆಲ್ಲ ಬಿಡುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಮೊದಲೇ ತುಪ್ಪಕ್ಕೆ ಬಿದ್ದ ಮಸಾಲೆ ಸಾಸಿನ ಪ್ರತಿ ಹನಿಗೂ ಹರಡುತ್ತದೆ. ಕೊನೆಗೆ ಉದುರಿಸಿದ್ದು ಮೇಲೆಯೇ ಕೂರುತ್ತದೆ.

ಅಂದಹಾಗೆ, ಈ ತಿನಿಸಿಗೆ ಮಸಾಲೆ ಹೊಸದೇನೂ ಅಲ್ಲ. ಮ್ಯಾಕರೋನಿಗೆ ಹಾಲುಕೆನೆ, ಚೀಸ್ ಸೇರಿಸುವ ವಿಧಾನವನ್ನು ಇಂಗ್ಲೆಂಡಿನ ಎಲಿಜಬೆತ್ ರಾಫಾಲ್ಡ್ 1769ರಲ್ಲೇ ತಮ್ಮ ಅಡುಗೆ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು. ಅಮೆರಿಕದಲ್ಲಿ ಇದು ಹೆಸರಾಗಲು ಜೇಮ್ಸ್ ಹೆಮಿಂಗ್ಸ್ ಅವರ ಕೈರುಚಿ ಮುಖ್ಯ ಕಾರಣ ಎನ್ನುತ್ತಾರೆ. ಅವರು ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಮನೆಯಲ್ಲಿ ಗುಲಾಮರಾಗಿದ್ದವರು, 1784ರಲ್ಲಿ ಜೆಫರ್ಸನ್ ಜೊತೆ ಪ್ಯಾರಿಸ್‌ಗೆ ಹೋಗಿ ಅಲ್ಲಿ ಅಡುಗೆ ಕಲಿತವರು. 1937ರಲ್ಲಿ ಕ್ರಾಫ್ಟ್ ಕಂಪನಿ ಇದನ್ನು ಡಬ್ಬಿಗೆ ತುಂಬಿ, ನಾಲ್ಕು ಜನರ ಊಟ 19 ಸೆಂಟ್‌ಗೆ ಎಂದು ಮಾರಿತು. ಆರ್ಥಿಕ ಮುಗ್ಗಟ್ಟಿನ ಕಾಲ, ಜನ ಮುಗಿಬಿದ್ದು ಕೊಂಡರು. ಇಂದಿಗೂ ಅಲ್ಲಿನ ಮನೆಗಳಲ್ಲಿ ಸಾಸಿಗೆ ಸಾಸಿವೆ ಪುಡಿ, ಕಾಳುಮೆಣಸು, ಚೂರು ಜಾಯಿಕಾಯಿ, ಒಂದಿಷ್ಟು ಪ್ಯಾಪ್ರಿಕಾ, ಅಂದರೆ ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ, ಹಾಕುವವರು ಬಹಳ. ಈ ನಾಲ್ಕರಲ್ಲಿ ಮೂರು ನಮ್ಮ ಮಸಾಲೆ ಡಬ್ಬಿಯಲ್ಲೇ ಇವೆ. ನಾಲ್ಕನೆಯದಕ್ಕೆ ಬ್ಯಾಡಗಿ ಇದೆ.

ಬೇಕಾಗುವುದು

ಇದು ನಾಲ್ಕು ಜನರಿಗೆ ಸಾಕು. ಮ್ಯಾಕರೋನಿ 250 ಗ್ರಾಂ. ಹಾಲು 650 ಮಿಲಿ ಲೀಟರ್. ಮೈದಾ 3 ದೊಡ್ಡ ಚಮಚ. ತುಪ್ಪ 1 ದೊಡ್ಡ ಚಮಚ, ಬೆಣ್ಣೆ 2 ದೊಡ್ಡ ಚಮಚ. ಚೀಸ್ 200 ಗ್ರಾಂ. ಸಣ್ಣಗೆ ಹೆಚ್ಚಿದ ಈರುಳ್ಳಿ 1, ಬೆಳ್ಳುಳ್ಳಿ 3 ಎಸಳು, ಹಸಿಮೆಣಸಿನಕಾಯಿ 1, ಕರಿಬೇವು ಒಂದು ಎಸಳು. ಸಾಸಿವೆ 1 ಚಿಕ್ಕ ಚಮಚ, ಜೀರಿಗೆ ಅರ್ಧ ಚಮಚ, ಅರಿಸಿನ ಕಾಲು ಚಮಚ, ಬ್ಯಾಡಗಿ ಮೆಣಸಿನ ಪುಡಿ 1 ಚಮಚ, ಮನೆಯ ಸಾರಿನ ಪುಡಿ ಒಂದೂವರೆ ಚಮಚ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಚಿಟಿಕೆ ಜಾಯಿಕಾಯಿ. ಮೇಲೆ ಉದುರಿಸಲು ಎರಡು ಹಿಡಿ ಬ್ರೆಡ್ ಪುಡಿ.

ಕೊಳ್ಳುವಾಗ ಕೆಲವು ವಿಷಯ ನೋಡಬೇಕು. ಮ್ಯಾಕರೋನಿ ಪ್ಯಾಕೆಟ್ ಮೇಲೆ ಡುರಮ್ ಗೋಧಿ ಎಂದಿರಲಿ. ನಮ್ಮ ಬನ್ಸಿ ರವೆಯೂ ಆ ಜಾತಿಯ ಗೋಧಿಯದೇ. ಮೈದಾದಲ್ಲಿ ಮಾಡಿದ ಅಗ್ಗದ ಮ್ಯಾಕರೋನಿ ಬೆಂದ ತಕ್ಷಣ ಮುದ್ದೆಯಾಗುತ್ತದೆ. ಹಾಲು ಕೆನೆಭರಿತವಾಗಿದ್ದರೆ ಒಳ್ಳೆಯದು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್‌ನಲ್ಲಿ ಶೇ 6. ಸಾಸಿನಲ್ಲಿ ಈ ವ್ಯತ್ಯಾಸ ನಾಲಿಗೆಗೆ ಸರಿಯಾಗಿ ಗೊತ್ತಾಗುತ್ತದೆ.

ಇನ್ನು ಚೀಸ್. ಚೆಡ್ಡಾರ್‌ಗೆ ರುಚಿ ಜಾಸ್ತಿ, ಆದರೆ ಬಿಸಿ ಹೆಚ್ಚಾದರೆ ಎಣ್ಣೆ ಬಿಡುತ್ತದೆ. ಸಂಸ್ಕರಿಸಿದ ಚೀಸ್, ಅಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ಯೂಬ್ ಮತ್ತು ಬ್ಲಾಕ್‌ಗಳು, ರುಚಿಯಲ್ಲಿ ಮಂದ. ಆದರೆ ಅದರಲ್ಲಿ ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳು ಇರುತ್ತವೆ, ನುಣ್ಣಗೆ ಕರಗುತ್ತದೆ. 150 ಗ್ರಾಂ ಚೆಡ್ಡಾರ್‌ಗೆ 50 ಗ್ರಾಂ ಸಂಸ್ಕರಿಸಿದ ಚೀಸ್ ಸೇರಿಸಿದರೆ ಎರಡರ ಗುಣವೂ ಸಿಗುತ್ತದೆ. ಮೊಜರೆಲ್ಲಾ ಬೇಡ. ಅದು ಎಳೆ ಎಳೆಯಾಗಿ ಬರುತ್ತದೆ, ಫೋಟೋಗೆ ಚೆಂದ, ಸಾಸಿಗೆ ಅಲ್ಲ. ತುರಿದೇ ಬರುವ ಪ್ಯಾಕೆಟ್ ಚೀಸಿಗೆ ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದು ನುಣ್ಣಗೆ ಕರಗುವುದಿಲ್ಲ, ಆದ್ದರಿಂದ ಬ್ಲಾಕ್ ತಂದು ಮನೆಯಲ್ಲೇ ತುರಿಯಿರಿ. ಸಸ್ಯಾಹಾರಿಗಳು ಹಸಿರು ಚುಕ್ಕಿ ನೋಡಿಕೊಳ್ಳಿ. ವಿದೇಶದಲ್ಲಿರುವವರು ಹಾಲನ್ನು ಗಟ್ಟಿಯಾಗಿಸಲು ಹಾಕುವ ರೆನೆಟ್ ಯಾವುದು ಎಂದು ಓದಿ ಕೊಳ್ಳಬೇಕು. ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಬಳಸುತ್ತಾರೆ.

ಯಾವ ಪುಡಿ, ಯಾವುದು ಬೇಡ

ಸಾರಿನ ಪುಡಿಯೇ ಏಕೆ? ಅದರಲ್ಲಿ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸ್ವಲ್ಪ ಮೆಂತ್ಯ ಹುರಿದು ಪುಡಿಯಾಗಿರುತ್ತವೆ. ಮೆಂತ್ಯದ ನವಿರು ಕಹಿ ಚೀಸಿನ ಉಪ್ಪಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬಿಸಿಬೇಳೆಬಾತ್ ಪುಡಿಯಲ್ಲಿ ಚಕ್ಕೆ, ಲವಂಗ ಇರುತ್ತವೆ, ಎಷ್ಟೋ ಮನೆಗಳಲ್ಲಿ ಕೊಬ್ಬರಿಯೂ ಸೇರಿರುತ್ತದೆ. ಹಾಲಿನ ಸಿಹಿ ಜೊತೆ ಚಕ್ಕೆ ಸೇರಿದರೆ ಪಾಯಸದ ನೆನಪಾಗುತ್ತದೆ, ಊಟದ್ದಲ್ಲ. ಗರಂ ಮಸಾಲೆಗೂ ಇದೇ ತಕರಾರು. ಇದು ನನ್ನ ನಾಲಿಗೆಯ ತೀರ್ಪು, ಒಪ್ಪದವರು ಕಾಲು ಚಮಚದಿಂದ ಶುರು ಮಾಡಿ. ಟೊಮೆಟೊ, ಹುಣಸೆ, ನಿಂಬೆ ಮಾತ್ರ ಸಾಸಿನ ಹತ್ತಿರ ಬರಬಾರದು. ಹುಳಿ ಬಿದ್ದರೆ ಹಾಲು ಒಡೆಯುವ ಅಪಾಯ ಇದ್ದೇ ಇದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದೇ ಅದರ ಖ್ಯಾತಿ. ಪ್ಯಾಪ್ರಿಕಾದ ಕೆಲಸವೂ ಅದೇ ಅಲ್ವಾ? ಒಂದು ವಿಷಯ ನೆನಪಿರಲಿ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಖಾರವನ್ನು ಹಿಡಿದುಕೊಳ್ಳುತ್ತದೆ. ಖಾರ ತಿಂದವರಿಗೆ ಮಜ್ಜಿಗೆ ಕೊಡುವುದು ಅದಕ್ಕೇ. ಇಲ್ಲಿ ಹಾಲೂ ಇದೆ, ಚೀಸೂ ಇದೆ. ಒಗ್ಗರಣೆಯಲ್ಲಿ ಚುರುಕು ಅನ್ನಿಸಿದ್ದು ತಟ್ಟೆಗೆ ಬರುವಾಗ ಅರ್ಧ ಅಡಗಿರುತ್ತದೆ. ಹಸಿಮೆಣಸಿನಕಾಯಿ ಇರುವುದು ಆ ಕೊರತೆ ತುಂಬಲು. ಮಕ್ಕಳಿಗಾದರೆ ಬಿಟ್ಟುಬಿಡಿ.

ಮಾಡುವ ವಿಧಾನ

ಮೊದಲು ಸಾಸಿವೆಯನ್ನು ಎರಡು ಪಾಲು ಮಾಡಿ. ಅರ್ಧ ಒಗ್ಗರಣೆಗೆ. ಉಳಿದ ಅರ್ಧವನ್ನು ಒಂದು ಚಮಚ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕುಟ್ಟಾಣಿಯಲ್ಲಿ ಜಜ್ಜಿ ಇಡಿ. ಸಿಡಿದ ಸಾಸಿವೆಗೂ ಹಸಿ ಸಾಸಿವೆಗೂ ರುಚಿ ಬೇರೆ ಬೇರೆ. ಕಾದ ಎಣ್ಣೆಯಲ್ಲಿ ಅದರ ಘಾಟು ಹೋಗಿ ಕಾಯಿ ಹುರಿದಂಥ ಪರಿಮಳ ಉಳಿಯುತ್ತದೆ. ತಣ್ಣೀರಿನಲ್ಲಿ ಜಜ್ಜಿದಾಗ ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಮಲೆನಾಡು, ಕರಾವಳಿ ಕಡೆ ತೆಂಗಿನಕಾಯಿ ಜೊತೆ ಹಸಿ ಸಾಸಿವೆ ಅರೆದು ಮೊಸರಿಗೆ ಬೆರೆಸುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಿಲ್ಲ. ಅಮೆರಿಕದವರು ಸಾಸಿವೆ ಪುಡಿ ಹಾಕುವುದೂ ಈ ಘಾಟಿಗಾಗಿಯೇ, ಅದು ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ. ಕುದಿಸಿದರೆ ಘಾಟು ಓಡಿಹೋಗುತ್ತದೆ. ಅದಕ್ಕೇ ಈ ಪಾಲು ಕೊನೆಗೆ.

ಎರಡೂವರೆ ಲೀಟರ್ ನೀರು ಕುದಿಸಿ, 1 ದೊಡ್ಡ ಚಮಚ ಉಪ್ಪು ಹಾಕಿ, ಮ್ಯಾಕರೋನಿ ಬಿಡಿ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ 2 ನಿಮಿಷ ಮೊದಲೇ ಇಳಿಸಬೇಕು, ಕಚ್ಚಿದರೆ ನಡುವೆ ತುಸು ಗಟ್ಟಿ ಇರಲಿ. ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಬಸಿಯುವ ಮುಂಚೆ ಒಂದು ಲೋಟ ನೀರು ಎತ್ತಿಡಿ. ತಣ್ಣೀರಿನಲ್ಲಿ ತೊಳೆಯುವುದು, ಎಣ್ಣೆ ಸವರುವುದು ಎರಡೂ ಬೇಡ. ತೊಳೆದರೆ ಮೇಲಿನ ಪಿಷ್ಟ ಹೋಗುತ್ತದೆ, ಎಣ್ಣೆ ಸವರಿದರೆ ಜಾರುತ್ತದೆ. ಎರಡರಲ್ಲೂ ಸಾಸ್ ಅಂಟುವುದಿಲ್ಲ.

ಈಗ ಒಗ್ಗರಣೆ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ. ಬೆಣ್ಣೆಯಲ್ಲೇ ಸಾಸಿವೆ ಸಿಡಿಸಲು ಹೋಗಬೇಡಿ. ಬೆಣ್ಣೆಯಲ್ಲಿ ಹಾಲಿನ ಅಂಶ ಉಳಿದಿರುತ್ತದೆ, ಸಾಸಿವೆ ಸಿಡಿಯುವಷ್ಟು ಕಾಯುವ ಹೊತ್ತಿಗೆ ಅದು ಕಪ್ಪಾಗುತ್ತದೆ. ತುಪ್ಪ ಆ ಬಿಸಿ ತಡೆಯುತ್ತದೆ. ಸಾಸಿವೆ ಸಿಡಿದ ಮೇಲೆ ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಉರಿ ಸಣ್ಣಗೆ ಮಾಡಿ ಬೆಣ್ಣೆ ಹಾಕಿ. ಬೆಣ್ಣೆ ಕರಗಿದ ಮೇಲೆ ಮೈದಾ, ಅದರ ಬೆನ್ನಿಗೇ ಅರಿಸಿನ, ಮೆಣಸಿನ ಪುಡಿ, ಸಾರಿನ ಪುಡಿ. ಹಿಟ್ಟಿನ ಜೊತೆ ಬಿದ್ದ ಪುಡಿ ಸೀಯುವುದು ಕಡಿಮೆ. ಎರಡು ನಿಮಿಷ ಬಿಡದೆ ಕೈಯಾಡಿಸಿ. ಹಸಿ ಹಿಟ್ಟಿನ ವಾಸನೆ ಹೋಗಿ, ಬಾಣಲೆ ಅಂಚಿನಲ್ಲಿ ಕೆಂಪು ಜಿಡ್ಡು ಬಿಡಲು ಶುರುವಾದರೆ ಹದ ಬಂದಿದೆ ಎಂದರ್ಥ.

ಹಾಲು ಮೊದಲೇ ಬೆಚ್ಚಗಿರಲಿ. ಮೊದಲ ಸೌಟು ಹಾಕಿದಾಗ ಎಲ್ಲ ಗಟ್ಟಿ ಮುದ್ದೆಯಾಗುತ್ತದೆ. ಗಾಬರಿ ಬೇಡ. ಅದನ್ನು ಚೆನ್ನಾಗಿ ನಾದಿದ ಮೇಲೆ ಎರಡನೇ ಸೌಟು, ಆಮೇಲೆ ಮೂರನೆಯದು. ಮುದ್ದೆ ಸಡಿಲವಾಗುತ್ತಾ ಬಂದ ಮೇಲೆ ಉಳಿದ ಹಾಲನ್ನು ಒಟ್ಟಿಗೆ ಸುರಿಯಬಹುದು. ಎಲ್ಲವನ್ನೂ ಒಂದೇ ಸಲ ಸುರಿದರೆ ಗಂಟು ಗ್ಯಾರಂಟಿ. ಗಂಟಾದರೂ ದೊಡ್ಡ ನಷ್ಟವಿಲ್ಲ, ಮಜ್ಜಿಗೆ ಕಡೆಗೋಲಿನಲ್ಲಿ ಜೋರಾಗಿ ಕಡೆಯಿರಿ. ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಿ, ತಳ ಹಿಡಿಯದಂತೆ ನೋಡಿಕೊಳ್ಳಿ. ಚಮಚದ ಬೆನ್ನಿಗೆ ಸಾಸ್ ಅಂಟಬೇಕು, ಅದರ ಮೇಲೆ ಬೆರಳಿನಲ್ಲಿ ಎಳೆದ ಗೆರೆ ಹಾಗೇ ನಿಲ್ಲಬೇಕು.

ಇಲ್ಲಿ ಒಲೆ ಆರಿಸಿ. ಚೀಸ್ ಹಾಕುವಾಗ ಸಾಸ್ ಕುದಿಯುತ್ತಿರಬಾರದು. ಬಿಸಿ ಅತಿಯಾದರೆ ಚೀಸಿನ ಪ್ರೋಟೀನ್ ಗಂಟು ಕಟ್ಟುತ್ತದೆ, ಕೊಬ್ಬು ಹೊರಬರುತ್ತದೆ, ಮರಳು ಮರಳಾಗುತ್ತದೆ. ಒಂದು ನಿಮಿಷ ಕಾದು, ತುರಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕುತ್ತಾ ಕಲಸಿ. ಜಜ್ಜಿದ ಸಾಸಿವೆ, ಕಾಳುಮೆಣಸು, ಜಾಯಿಕಾಯಿ ಸೇರಿಸಿ. ಜಾಯಿಕಾಯಿ ಚಿಟಿಕೆಗಿಂತ ಒಂದು ಚೂರೂ ಹೆಚ್ಚು ಬೇಡ. ಈಗ ರುಚಿ ನೋಡಿ, ಬೇಕಿದ್ದರೆ ಮಾತ್ರ ಉಪ್ಪು. ಚೀಸಿನಲ್ಲಿ, ಮ್ಯಾಕರೋನಿಯಲ್ಲಿ, ಎಷ್ಟೋ ಮನೆಗಳ ಸಾರಿನ ಪುಡಿಯಲ್ಲೂ ಆಗಲೇ ಉಪ್ಪು ಇರುತ್ತದೆ. ಮ್ಯಾಕರೋನಿ ಹಾಕಿ ಕಲಸಿ. ಬಾಣಲೆಯಲ್ಲಿ ನೋಡಲು ಸ್ವಲ್ಪ ನೀರು ನೀರು ಅನ್ನಿಸಬೇಕು, ಏಕೆಂದರೆ ಬಿಸಿಬೇಳೆಬಾತ್‌ನಂತೆ ಇದೂ ಆರುತ್ತಾ ಗಟ್ಟಿಯಾಗುತ್ತದೆ. ಬಿಗಿಯಾಯಿತು ಎನಿಸಿದರೆ ಎತ್ತಿಟ್ಟ ನೀರಿದೆಯಲ್ಲ, ಅದನ್ನು ಎರಡು ಚಮಚ ಸೇರಿಸಿ.

ಮೇಲಿನ ಗರಿಗರಿ

ಮೆತ್ತನೆಯ ಅಡುಗೆಗೆ ಹಲ್ಲಿಗೆ ಸಿಗುವಂಥದ್ದೊಂದು ಬೇಕು. ಅಯ್ಯಂಗಾರ್ ಬೇಕರಿಯ ಖಾರ ಟೋಸ್ಟ್ ಸಿಕ್ಕರೆ ಅದನ್ನೇ ಪುಡಿ ಮಾಡಿ. ಸಿಹಿ ರಸ್ಕ್ ಬೇಡ. ಒಂದು ಚಮಚ ತುಪ್ಪದಲ್ಲಿ ಹುರಿದು, ಉರಿ ಆರಿಸಿದ ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಬೆರೆಸಿ. ಓವನ್ ಇದ್ದವರು ಟ್ರೇಗೆ ಮ್ಯಾಕರೋನಿ ಹರಡಿ, ತುಪ್ಪ ಸವರಿದ ಬ್ರೆಡ್ ಪುಡಿ ಮಾತ್ರ ಮೇಲೆ ಹಾಕಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಡಬಹುದು. ಚಟ್ನಿಪುಡಿಯನ್ನು ಹೊರಗೆ ತೆಗೆದ ಮೇಲೆ ಉದುರಿಸಿ, ಒಳಗೆ ಇಟ್ಟರೆ ಸೀಯುತ್ತದೆ. ಓವನ್ ಇಲ್ಲದಿದ್ದರೂ ಏನೂ ಕೊರತೆಯಿಲ್ಲ. ನಿಜ ಹೇಳಬೇಕೆಂದರೆ, ಒಲೆ ಮೇಲೆ ಮಾಡಿ ತಟ್ಟೆಗೆ ಬಡಿಸುವಾಗ ಪುಡಿ ಉದುರಿಸಿದ್ದೇ ನನಗೆ ಇಷ್ಟ, ಸಾಸ್ ಒಣಗುವುದಿಲ್ಲ.

ಜೊತೆಗೆ ಹೆಸರುಬೇಳೆ ಸೌತೆಕಾಯಿ ಕೋಸಂಬರಿ ಇರಲಿ. ಸಾಸಿಗೆ ಬೇಡ ಎಂದ ನಿಂಬೆ ಇಲ್ಲಿ ಬೇಕು.

ಈ ಕ್ರಮ ಗೊತ್ತಾದರೆ ಬೇರೆ ಕಡೆಯೂ ನಡೆಯುತ್ತದೆ. ಕೊಚ್ಚಿದ ಮಾಂಸದ ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಬೇಯಿಸುವ ಬ್ರಿಟಿಷರ ಶೆಫರ್ಡ್ಸ್ ಪೈನ ಆಲೂಗಡ್ಡೆಗೆ ಬರೀ ಬೆಣ್ಣೆಯ ಬದಲು ಸಾಸಿವೆ, ಇಂಗಿನ ತುಪ್ಪದ ಒಗ್ಗರಣೆ ಕಲಸಿ. ಅಣಬೆ ಸೂಪ್ ಮಾಡುವವರು ಕಾಳುಮೆಣಸು, ಜೀರಿಗೆಯನ್ನು ಬೆಣ್ಣೆಗೆ ಹಾಕಿದ ಮೇಲೆ ಮೈದಾ ಹಾಕಿ. ಪುಡಿ ಮೊದಲು ಜಿಡ್ಡಿಗೆ, ಹಾಲು ಆಮೇಲೆ, ಹುಳಿ ತಟ್ಟೆಯಲ್ಲಿ.

ಮ್ಯಾಕರೋನಿ ಉಳಿದರೆ ಫ್ರಿಜ್‌ನಲ್ಲಿಡಿ. ಮರುದಿನ ಬಿಸಿ ಮಾಡುವಾಗ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಲಸಿ, ಜೋರು ಉರಿಯಲ್ಲಿ ಎಣ್ಣೆ ಬಿಡುತ್ತದೆ. ಇನ್ನೂ ಒಳ್ಳೆಯ ದಾರಿಯೊಂದಿದೆ. ತಣ್ಣಗಿದ್ದಾಗ ಅದು ಗಟ್ಟಿ ಉಂಡೆ ಕಟ್ಟಲು ಬರುತ್ತದೆ. ನಿಂಬೆ ಗಾತ್ರದ ಉಂಡೆ ಮಾಡಿ, ಕಡಲೆಹಿಟ್ಟಿನ ದಪ್ಪ ಹಿಟ್ಟಿನಲ್ಲಿ ಅದ್ದಿ ಬೋಂಡಾ ಕರಿಯಿರಿ. ಉಂಡೆ ಫ್ರಿಜ್‌ನಿಂದ ನೇರ ಬರಲಿ, ಎಣ್ಣೆ ಚೆನ್ನಾಗಿ ಕಾದಿರಲಿ. ಎಣ್ಣೆ ತಣ್ಣಗಿದ್ದರೆ ಹೊರಗಿನ ಹಿಟ್ಟು ಗಟ್ಟಿಯಾಗುವ ಮೊದಲೇ ಚೀಸ್ ಕರಗಿ ಬಾಣಲೆ ಸೇರುತ್ತದೆ.