ಕಲಬುರಗಿ ನೀರಲ್ಲಿ ಬ್ಲ್ಯಾಕ್‌ವಾಟರ್ ಟ್ಯಾಂಕ್: ಮೊದಲು ಸುಣ್ಣ ಕಡಿಮೆ ಮಾಡಿ, ಎಲೆ ಆಮೇಲೆ

ನಮ್ಮ ಕಡೆ ಬೋರ್ ನೀರು ತುಂಬಿಸಿದ ಬಕೆಟ್ ನೋಡಿದ್ದೀರಲ್ಲ, ನಾಲ್ಕು ದಿನಕ್ಕೆ ಅಂಚಿಗೆಲ್ಲ ಬಿಳಿ ಕರೆ ಕಟ್ಟುತ್ತೆ, ಎಷ್ಟು ತಿಕ್ಕಿದರೂ ಬಿಡಲ್ಲ. ಬ್ಲ್ಯಾಕ್‌ವಾಟರ್ ಟ್ಯಾಂಕ್, ಅಂದರೆ ಒಣ ಎಲೆ ಹಾಕಿದ ಕಂದು ಬಣ್ಣದ ಆಮ್ಲೀಯ ನೀರಲ್ಲಿ ಮೀನು ಸಾಕೋ ತೊಟ್ಟಿ, ಮಾಡೋಕೆ ಹೊರಟವರು ಮೊದಲು ಯೋಚಿಸಬೇಕಾದ್ದು ಆ ಕರೆ ಬಗ್ಗೆ. ಕಾರ್ಡಿನಲ್ ಟೆಟ್ರಾ ಅನ್ನೋ ಪುಟ್ಟ ಮೀನು ಹುಟ್ಟಿ ಬೆಳೆಯೋ ದಕ್ಷಿಣ ಅಮೆರಿಕದ ರಿಯೊ ನೀಗ್ರೊ ನದಿ ಕಡೆ ಎಲೆ ಕೊಳೆತು ನೀರು ಕಪ್ಪು ಚಹಾ ಥರ ಇರುತ್ತೆ, ಖನಿಜ ಇಲ್ಲವೇ ಇಲ್ಲ ಅನ್ನಬೇಕು, ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನೋ ಅಳತೆ, 7ಕ್ಕಿಂತ ಕೆಳಗಿದ್ದರೆ ಆಮ್ಲೀಯ) 5ರ ಆಸುಪಾಸು. ನಾವಿರೋದು ಸುಣ್ಣಕಲ್ಲಿನ ಸೀಮೆಯಲ್ಲಿ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೇ ಅದಕ್ಕೆ ಅಲ್ವಾ?

ನಾನು ಮೊದಲ ಸಲ ಪಿಎಚ್ ಇಳಿಸೋ ದ್ರಾವಣ ತಂದು ಹಾಕಿದೆ. ರಾತ್ರಿ 6.8ಕ್ಕೆ ಇಳಿಯಿತು, ಬೆಳಿಗ್ಗೆ ನೋಡಿದರೆ ಮತ್ತೆ 7.8. ಮತ್ತೆ ಹಾಕಿದೆ, ಮತ್ತೆ ಏರಿತು. ವಾರದೊಳಗೆ ಆರು ನಿಯಾನ್ ಟೆಟ್ರಾ ಸತ್ತವು, ಇವತ್ತಿಗೂ ಬೇಜಾರಾಗುತ್ತೆ. ಗಡಸು ನೀರಲ್ಲಿ ಕರಗಿರೋ ಬೈಕಾರ್ಬೊನೇಟ್ ನೀವು ಹಾಕಿದ ಆಮ್ಲವನ್ನೆಲ್ಲ ನುಂಗಿಬಿಡುತ್ತೆ. ಅದು ಇರೋವರೆಗೆ ನಿಂಬೆರಸ, ವಿನೆಗರ್, ಎಲೆ ಯಾವುದೂ ನಿಲ್ಲಲ್ಲ. ನೀರು ಕಂದು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಆಮ್ಲೀಯ ಆಯ್ತು ಅಂತ ತಿಳಿಯಬೇಡಿ.

ಹಾಗಾಗಿ ಪಿಎಚ್‌ಗಿಂತ ಮೊದಲು ಕೆಎಚ್, ಅಂದರೆ ನೀರಲ್ಲಿ ಆ ಬೈಕಾರ್ಬೊನೇಟ್ ಎಷ್ಟಿದೆ ಅನ್ನೋದನ್ನ, ಅಳೆಯಿರಿ. ಹನಿ ಹಾಕಿ ನೋಡೋ ಕಿಟ್ ಸಿಗುತ್ತೆ. ನನ್ನ ಹತ್ರ ಇರೋದರಲ್ಲಿ 5 ಮಿಲಿ ನೀರಿಗೆ ಹನಿ ಹನಿಯಾಗಿ ಹಾಕಿ ಅಲುಗಾಡಿಸಬೇಕು, ನೀಲಿ ಹೋಗಿ ಹಳದಿ ಬಂದಾಗ ನಿಲ್ಲಿಸಬೇಕು, ಒಂದು ಹನಿಗೆ ಒಂದು ಡಿಗ್ರಿ. ನಮ್ಮನೆ ಬೋರ್ ನೀರು ಹದಿನೈದು ಹನಿವರೆಗೂ ನೀಲಿಯಾಗೇ ಇತ್ತು, ಹದಿನಾರನೇದಕ್ಕೆ ಹಳದಿಯಾಯಿತು. ನೀರಲ್ಲಿ ಒಟ್ಟು ಎಷ್ಟು ಉಪ್ಪು ಕರಗಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ, ಅದಕ್ಕೆ ಯಾವ ಉಪ್ಪು ಅಂತ ಗೊತ್ತಾಗಲ್ಲ.

ಕೆಎಚ್ ಇಳಿಸೋಕೆ ಸುಲಭದ ದಾರಿ ಅಂದರೆ ಬೇರೆ ನೀರು ಬೆರೆಸೋದು. ಏಳು ಲೀಟರ್ ಆರ್‌ಒ ನೀರಿಗೆ ಒಂದು ಲೀಟರ್ ಬೋರ್ ನೀರು ಸೇರಿಸಿದರೆ ನನ್ನ 16 ಡಿಗ್ರಿ 2ಕ್ಕೆ ಬರುತ್ತೆ. ನಿಯಾನ್‌ಗೆ, ಕಾರ್ಡಿನಲ್‌ಗೆ ಅಷ್ಟು ಸಾಕು. ಮನೆ ಆರ್‌ಒ ಯಂತ್ರದಲ್ಲಿ ರುಚಿಗೆ ಅಂತ ಖನಿಜ ವಾಪಸ್ ಸೇರಿಸೋ ವ್ಯವಸ್ಥೆ ಇರಬಹುದು, ಆ ನೀರನ್ನೂ ಒಮ್ಮೆ ಅಳೆದುಬಿಡಿ. ಮಳೆಗಾಲದಲ್ಲಿ ಎರಡು ಜೋರು ಮಳೆ ಹೋದಮೇಲೆ ತೊಳೆದ ಮಾಳಿಗೆಯಿಂದ ಹಿಡಿದ ನೀರೂ ಒಳ್ಳೇದೇ.

ಕೆಎಚ್ ಪೂರ್ತಿ ಸೊನ್ನೆ ಮಾಡಬೇಡಿ. ಹಿಡಿದಿಡೋಕೆ ಏನೂ ಇಲ್ಲದಿದ್ದರೆ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು.

ಟ್ಯಾಂಕಿಗೆ ಹಾಕೋ ಕಲ್ಲು, ಉಸುಕು ಎಲ್ಲದರ ಮೇಲೂ ಎರಡು ಹನಿ ವಿನೆಗರ್ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಬೇಡ. ಚಂದ ಕಾಣುತ್ತೆ ಅಂತ ಶಹಾಬಾದ್ ಕಲ್ಲಿನ ತುಂಡು ಹಾಕೋರಿದ್ದಾರೆ. ಅದು ಸುಣ್ಣಕಲ್ಲೇ, ಆಮ್ಲದ ನೀರಲ್ಲಿ ಕರಗುತ್ತಾ ಹೋಗುತ್ತೆ.

ಈಗ ಎಲೆ. ಬಾದಾಮಿ ಗಿಡದ ಎಲೆ, ದೊಡ್ಡದಾಗಿ ಕೆಂಪಾಗಿ ಉದುರುತ್ತಲ್ಲ, ಅದೇ. ತಾನಾಗಿ ಬಿದ್ದು ಕಂದಾಗಿ ಒಣಗಿದ್ದನ್ನೇ ಆರಿಸಿ, ಔಷಧಿ ಹೊಡೆಯೋ ಜಾಗದ್ದು ಬೇಡ. ತೊಳೆದು ಹಾಕಿ, 20 ಲೀಟರಿಗೆ ಒಂದು ಎಲೆಯಿಂದ ಶುರು ಮಾಡಿ. ಎರಡು ಮೂರು ದಿನ ತೇಲುತ್ತೆ, ಆಮೇಲೆ ತಳ ಸೇರಿ ಬಣ್ಣ ಬಿಡುತ್ತೆ. ಫಿಲ್ಟರಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಬಣ್ಣವನ್ನೆಲ್ಲ ಅದೇ ಹೀರುತ್ತೆ.

ಒಂದು ಎಚ್ಚರಿಕೆ. ಪಿಎಚ್ 6ರ ಕೆಳಗೆ ಹೋದರೆ ಫಿಲ್ಟರಲ್ಲಿ ಅಮೋನಿಯ ಕರಗಿಸೋ ಬ್ಯಾಕ್ಟೀರಿಯಾ ನಿಧಾನವಾಗುತ್ತೆ, ಮೀನಿನ ಹೊಲಸಿಂದ ಬರೋ ಅಮೋನಿಯ ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿ ಸೇರಿಕೊಳ್ಳುತ್ತೆ. ಆಗ ಗಾಬರಿಯಾಗಿ ಬೋರ್ ನೀರು ಸುರಿದರೆ ಪಿಎಚ್ ಏರಿ, ಆ ಅಮೋನಿಯಂ ಮತ್ತೆ ವಿಷದ ಅಮೋನಿಯ ಆಗಿ ಮೀನು ಸಾಯುತ್ತವೆ. ಆಹಾರ ಕಡಿಮೆ ಹಾಕಿ, ವಾರಕ್ಕೆ ಹತ್ತರಲ್ಲೊಂದು ಭಾಗ ನೀರು ಬದಲಿಸಿ, ಅದೂ ಮೊದಲೇ ಬೆರೆಸಿಟ್ಟ ನೀರನ್ನು ನಿಧಾನಕ್ಕೆ ಬಿಡಿ.

ಇನ್ನು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕ್ ನೀರು ನೋಡ್ತಾ ನೋಡ್ತಾ ಇಳಿಯುತ್ತೆ. ಆರೋದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತೆ. ಗ್ಲಾಸ್ ಮೇಲೆ ಮಾರ್ಕರಿಂದ ಒಂದು ಗೆರೆ ಎಳೆದುಕೊಳ್ಳಿ. ದಿನಾ ಬೆಳಿಗ್ಗೆ ಅಲ್ಲಿವರೆಗೆ ಬರೀ ಆರ್‌ಒ ನೀರು ತುಂಬಿಸಿ, ಬೆರೆಸಿದ್ದೂ ಬೇಡ.