ಬಳೆಯೋ ಬಾಳೆಯೋ: ಮಕ್ಕಳಿಗೆ ದೀರ್ಘ ಕಲಿಸೋದು ಹೇಗೆ

ಒಂದನೇ ಕ್ಲಾಸಿನ ಮಗು ಕಾಗುಣಿತ ಗಡಗಡ ಒಪ್ಪಿಸುತ್ತದೆ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ. ಎಲ್ಲೂ ತಡವರಿಸುವುದಿಲ್ಲ. ಅದೇ ಮಗುವಿಗೆ ‘ಬೇಳೆ’ ಬರಿ ಅಂದರೆ ‘ಬೆಳೆ’ ಅಂತ ಬರೆಯುತ್ತದೆ. ‘ಕೋಳಿ’ ಹೋಗಿ ‘ಕೊಳಿ’ ಆಗುತ್ತದೆ. ಮನೆಯವರು ಸಿಟ್ಟಾಗಿ ಇನ್ನೂ ಹತ್ತು ಸಲ ಕಾಗುಣಿತ ಬರೆಸುತ್ತಾರೆ, ಮಾರನೇ ದಿನ ಮತ್ತೆ ಅದೇ ಕೊಳಿ. ಬರೆಸಿದ್ದು ಸಾಲದೆ ಹೀಗಾಗುತ್ತಿಲ್ಲ. ಮಗುವಿಗೆ ಗುರುತುಗಳೆಲ್ಲ ಗೊತ್ತು, ಆದರೆ ತಾನು ಆಡುವ ಮಾತಿನಲ್ಲಿ ಯಾವ ಸದ್ದು ಗಿಡ್ಡ, ಯಾವುದು ಉದ್ದ ಅಂತ ಅದರ ಕಿವಿ ಇನ್ನೂ ಬಿಡಿಸಿ ಕೇಳಿಸಿಕೊಂಡಿಲ್ಲ.

ಹಾಗಾಗಿ ಮೊದಲು ಪೆನ್ಸಿಲ್ಲು, ನೋಟ್‌ಬುಕ್ಕು ಎತ್ತಿಡಿ. ಕೆಲವು ದಿನ ಬರೀ ಕಿವಿ ಮತ್ತು ಬಾಯಿಯ ಕೆಲಸ.

ಶುರು ಮಾಡೋದಕ್ಕೆ ಒಂದು ಬಳೆ, ಒಂದು ಬಾಳೆಹಣ್ಣು ಸಾಕು. ಎರಡನ್ನೂ ಮಗುವಿನ ಮುಂದೆ ಇಟ್ಟು ‘ಬಳೆ ಕೊಡು’ ಅನ್ನಿ, ಸ್ವಲ್ಪ ಹೊತ್ತು ಬಿಟ್ಟು ‘ಬಾಳೆ ಕೊಡು’ ಅನ್ನಿ. ಇದು ಎಲ್ಲ ಮಕ್ಕಳಿಗೂ ಬರುತ್ತದೆ. ಆಮೇಲೆ ಆಟ ತಿರುಗಿಸಿ, ಈಗ ಮಗು ಹೇಳಬೇಕು, ನೀವು ಕೊಡಬೇಕು. ಅದು ಬಾಯಲ್ಲಿ ಏನು ಅಂದಿತೋ ಅದನ್ನೇ ಕೊಡಿ, ಮನಸ್ಸಲ್ಲಿ ಏನಿತ್ತು ಅಂತ ಊಹಿಸಿ ಕೊಡಬೇಡಿ. ಹಣ್ಣು ಬೇಕು ಅಂತ ಅವಸರದಲ್ಲಿ ‘ಬಳೆ’ ಅಂದರೆ ಬಳೆಯೇ ಕೈಗೆ ಬರಲಿ. ಮಗು ನಗುತ್ತದೆ, ಮತ್ತೆ ಸರಿಯಾಗಿ ಎಳೆದು ಹೇಳುತ್ತದೆ. ಉದ್ದ ಮಾಡಿದರೆ ಅರ್ಥವೇ ಬದಲಾಗುತ್ತೆ ಅನ್ನೋದು ಆಗ ತಲೆಗೆ ಹೋಗುತ್ತದೆ.

ಜೋಡಿ ಆರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಎರಡೂ ಪದ ಮಗುವಿಗೆ ಮೊದಲೇ ಗೊತ್ತಿರಬೇಕು. ಅ-ಆಗೆ ಬೇಕಾದಷ್ಟಿವೆ: ಕರು-ಕಾರು, ಬಲ-ಬಾಲ, ದನ-ದಾನ. ಎ-ಏಗೆ ಬೆಳೆ-ಬೇಳೆ, ಹಳ್ಳಿ ಕಡೆಯ ಮಕ್ಕಳಾದರೆ ಕೆರೆ-ಕೇರೆ, ಅವರಿಗೆ ಕೇರೆಹಾವು ಗೊತ್ತಿರುತ್ತದೆ. ಅಪಾರ್ಟ್‌ಮೆಂಟ್ ಮಕ್ಕಳಿಗೆ ಇದು ಬೇಡ. ಒ-ಓಗೆ ಒಲೆ-ಓಲೆ, ಕೊಡು-ಕೋಡು. ಉ-ಊಗೆ ಪುರಿ-ಪೂರಿ ತುಂಬಾ ಚೆನ್ನಾಗಿ ನಡೆಯುತ್ತದೆ, ಒಂದು ಕಡಲೆಪುರಿ, ಇನ್ನೊಂದು ಎಣ್ಣೆಯಲ್ಲಿ ಉಬ್ಬುವ ಪೂರಿ. ಇ-ಈಗೆ ಮಾತ್ರ ಚಿಕ್ಕ ಮಕ್ಕಳಿಗೆ ಗೊತ್ತಿರುವ ಜೋಡಿ ಕಡಿಮೆ. ಬಿಸಿ-ಬೀಸಿ ಇದೆ, ಬಿಸಿ ಹಾಲು, ಕೈ ಬೀಸಿ ಕರೆ. ಸಿಟಿ-ಸೀಟಿಯೂ ಆಗುತ್ತದೆ. ಸಿಟಿ ಇಂಗ್ಲಿಷ್ ಪದ ಅಲ್ವಾ ಅಂತ ಯಾರೋ ಕೇಳಬಹುದು, ಕೇಳಲಿ ಬಿಡಿ, ಕುಕ್ಕರ್ ಸೀಟಿ ಹೊಡೆಯೋದು ಮಗುವಿಗೆ ಗೊತ್ತು, ನಮಗೆ ಅಷ್ಟೇ ಬೇಕು.

ಕೈಗೂ ಕೆಲಸ ಕೊಡಿ. ಗಿಡ್ಡ ಸದ್ದಿಗೆ ಬೆರಳಿಂದ ಮೇಜಿನ ಮೇಲೆ ಒಮ್ಮೆ ಕುಟ್ಟುವುದು, ಉದ್ದ ಸದ್ದಿಗೆ ಬೆರಳನ್ನು ಮೇಜಿನ ಮೇಲೆ ಎಳೆಯುವುದು. ಬಳೆಗೆ ಕುಟ್ಟು-ಕುಟ್ಟು, ಬಾಳೆಗೆ ಎಳೆ-ಕುಟ್ಟು. ವ್ಯಾಕರಣದ ಲೆಕ್ಕದಲ್ಲಿ ಹ್ರಸ್ವಕ್ಕೆ, ಅಂದರೆ ಗಿಡ್ಡ ಸದ್ದಿಗೆ 1 ಮಾತ್ರೆ, ದೀರ್ಘಕ್ಕೆ 2 ಮಾತ್ರೆ; ಮಾತ್ರೆ ಅಂದರೆ ಸದ್ದು ಹಿಡಿಯುವ ಹೊತ್ತಿನ ಅಳತೆ. ಎರಡು ಅಂದರೆ ಎರಡೇ, ‘ಬಾಆಆಆಆಳೆ’ ಅಂತ ರಾಗ ಎಳೆಯಬೇಕಾಗಿಲ್ಲ. ಮಗು ಎಳೆದರೆ ಪರವಾಗಿಲ್ಲ, ನೀವು ಎಳೆಯಬೇಡಿ.

ಯಾಕೆ ಹೇಳ್ತಿದ್ದೀನಿ ಅಂದರೆ, ಉಕ್ತಲೇಖನ ಕೊಡುವಾಗ ದೊಡ್ಡವರು ಮಾಡುವ ಎಡವಟ್ಟು ಇದೇ. ಮಗುವಿಗೆ ಚೆನ್ನಾಗಿ ಕೇಳಿಸಲಿ ಅಂತ ‘ಮಾ... ರಾ...’ ಅಂತ ನಿಧಾನವಾಗಿ ಹೇಳುತ್ತೇವೆ. ನಮ್ಮ ಮನಸ್ಸಲ್ಲಿ ಇರೋದು ಮರ, ಬಾಯಿಂದ ಬಂದಿದ್ದು ಮಾರಾ. ಮಗು ಕೇಳಿದ ಹಾಗೇ ಬರೆದು ಬೈಸಿಕೊಳ್ಳುತ್ತದೆ. ನಿಧಾನ ಮಾಡಿದರೆ ಹ್ರಸ್ವ ಸತ್ತುಹೋಗುತ್ತದೆ. ಇಡೀ ಪದವನ್ನು ಮಾಮೂಲಿ ವೇಗದಲ್ಲೇ ಹೇಳಿ, ಆಮೇಲೆ ಒಂದು ವಾಕ್ಯದಲ್ಲಿ ಹೇಳಿ: ‘ಮರ. ಮರದ ಮೇಲೆ ಕೋತಿ ಇದೆ. ಮರ.’ ಬೇಕಿದ್ದರೆ ಇನ್ನೊಂದು ಸಲ ಹೇಳಿ, ಆದರೆ ಅದೇ ವೇಗದಲ್ಲಿ.

ಇನ್ನೊಂದು ಗೊಂದಲ ಇದೆ, ಇದನ್ನು ಜಾಸ್ತಿ ಜನ ಗಮನಿಸಿರುವುದಿಲ್ಲ. ಕೆಲವು ಮಕ್ಕಳು ‘ಕಲ್ಲು’ ಬರಿ ಅಂದರೆ ‘ಕಾಲು’ ಅಂತ ಬರೆಯುತ್ತಾರೆ, ‘ಹಲ್ಲು’ ಬರೆಯೋ ಜಾಗದಲ್ಲಿ ‘ಹಾಲು’. ಒತ್ತಕ್ಷರ ಮರೆತಿದ್ದಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮಗುವಿನ ಲೆಕ್ಕಾಚಾರದಲ್ಲೂ ಅರ್ಥ ಇದೆ. ಹೈಸ್ಕೂಲಿನ ಛಂದಸ್ಸು ನೆನಪಿಸಿಕೊಳ್ಳಿ: ದೀರ್ಘಾಕ್ಷರವೂ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ‘ಕಾಲು’ವಿನ ಕಾ, ‘ಕಲ್ಲು’ವಿನ ಕಲ್ ಎರಡಕ್ಕೂ 2 ಮಾತ್ರೆ. ಇಲ್ಲೇನೋ ಭಾರ ಇದೆ ಅಂತ ಮಗುವಿನ ಕಿವಿ ಸರಿಯಾಗಿಯೇ ಹಿಡಿದಿದೆ, ಭಾರ ಯಾವ ಥರದ್ದು ಅಂತ ಗೊತ್ತಾಗಿಲ್ಲ ಅಷ್ಟೆ. ಬರೀ ಚಪ್ಪಾಳೆ ತಟ್ಟಿಸಿ ಕಲಿಸಿದರೆ ಈ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ.

ಇದಕ್ಕೆ ಬಾಯಿಯನ್ನೇ ಕೇಳಬೇಕು. ‘ಕಾ’ ಅನ್ನುವಾಗ ಬಾಯಿ ತೆರೆದೇ ಇರುತ್ತದೆ, ಬೇಕಾದಷ್ಟು ಹೊತ್ತು ಹಾಡಬಹುದು. ‘ಕಲ್ಲು’ ಅನ್ನುವಾಗ ನಾಲಿಗೆ ಮೇಲೆ ಹೋಗಿ ಅಂಟಿಕೊಂಡು ನಿಲ್ಲುತ್ತದೆ. ‘ನಿನ್ನ ನಾಲಿಗೆ ಎಲ್ಲಿ ನಿಂತಿತು ಹೇಳು’ ಅಂತ ಕೇಳಿ. ಕಾಲು-ಕಲ್ಲು, ಹಾಲು-ಹಲ್ಲು, ಬೇಲಿ-ಬೆಲ್ಲ, ಮೂಳೆ-ಮುಳ್ಳು, ಹೀಗೆ ಒಂದಷ್ಟು ಮಾಡಿಸಿದರೆ ಸಾಕು, ಬೇಗ ಬಿಡಿಸಿಕೊಳ್ಳುತ್ತಾರೆ. ಕನ್ನಡದ ಚಿಕ್ಕ ಪದಗಳಲ್ಲಿ ದೀರ್ಘದ ಬೆನ್ನಿಗೇ ಅದೇ ಅಕ್ಷರದ ಒತ್ತು ಬರುವುದು ಅಪರೂಪ. ಆದ್ದರಿಂದ ಮಗು ‘ಕಾಲ್ಲು’ ಅಂತ ಬರೆದಿದ್ದರೆ ‘ಎರಡರಲ್ಲಿ ಒಂದು ಇಟ್ಟುಕೋ, ಯಾವುದು?’ ಅಂತ ಕೇಳಬಹುದು.

ಈಗ ಬರವಣಿಗೆಗೆ ಬರೋಣ. ಐದೂ ದೀರ್ಘಗಳನ್ನು ಒಟ್ಟಿಗೆ ಸುರಿಯಬೇಡಿ. ಮೊದಲು ಇಳಿ ಮಾತ್ರ. ಅದಕ್ಕೂ ಎಲ್ಲ ಅಕ್ಷರ ಬರಲೇಬೇಕು ಅಂತೇನಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಅನ್ನುವ ಕಲಿಕಾ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಕಲಿಸುವುದಿಲ್ಲ, ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಅಷ್ಟಕ್ಕೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಅದೇ ಅಕ್ಷರಗಳಿಗೆ ಒಂದು ಇಳಿ ಸೇರಿಸಿ ನೋಡಿ: ದಾರ, ರಾಗ, ದಾಸ, ಸಾಗರ. ಹೊಸ ಅಕ್ಷರ ಒಂದೂ ಇಲ್ಲ, ಹೊಸದು ಇಳಿ ಒಂದೇ. ಮಗುವಿನ ಗಮನ ಪೂರ್ತಿ ಅದರ ಮೇಲೇ ಇರುತ್ತದೆ.

ಮುಂದೆ ಕಾಗುಣಿತದ ಸಾಲು ಬಿಟ್ಟು ಬೇರೆ ಥರ ಗುಂಪು ಮಾಡಿ. ಕೀ, ಕೇ, ಕೋ ಮೂರನ್ನೂ ಪಕ್ಕಪಕ್ಕ ಬರೆದು ನೋಡಿ. ಕಿ, ಕೆ, ಕೊಗಳ ಆಚೆ ಬಲಗಡೆ ಬರುವುದು ಒಂದೇ ಗುರುತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲೂ ಆ ಗುರುತಿಗೆ ಬೇರೆಯೇ ಒಂದು ಸಂಕೇತ ಇದೆ. ಗುಡಿಸಿನ ದೀರ್ಘ, ಏತ್ವದ ದೀರ್ಘ, ಓತ್ವದ ದೀರ್ಘ ಅಂತ ಮೂರು ಹೆಸರು ಹೇಳಿ ಅದನ್ನು ಮೂರು ಪಾಠ ಮಾಡಿಟ್ಟಿದ್ದೇವೆ. ಒಂದು ಕೆಲಸ ಮಾಡಿ. ರಟ್ಟಿನ ಚೂರುಗಳ ಮೇಲೆ ಕಿ, ಕೆ, ಕೊ, ಬಿ, ಬೆ, ಬೊ ಬರೆಯಿರಿ, ಇನ್ನೊಂದು ಚಿಕ್ಕ ಚೂರಿನ ಮೇಲೆ ಆ ದೀರ್ಘದ ಗುರುತು ಮಾತ್ರ ಬೇರೆ ಬಣ್ಣದಲ್ಲಿ ಬರೆಯಿರಿ. ಮಗು ಅದನ್ನು ಒಂದೊಂದರ ಪಕ್ಕ ಇಟ್ಟು ಓದಲಿ, ತೆಗೆದು ಓದಲಿ. ಇಟ್ಟರೆ ಬೇಳೆ, ತೆಗೆದರೆ ಬೆಳೆ. ಒಂದೇ ಚೂರು ಎಲ್ಲ ಕಡೆ ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ಮಕ್ಕಳು ತಾವೇ ಉಳಿದ ಅಕ್ಷರಗಳಿಗೆ ಇಟ್ಟು ನೋಡುತ್ತಾರೆ.

ಕಾ ಮತ್ತು ಕೂ ಈ ಗುಂಪಿಗೆ ಸೇರುವುದಿಲ್ಲ, ಅವುಗಳ ಇಳಿ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ.

ಕೂ ಬಂದ ಮೇಲೆ ಒಂದು ಬಲೆ ಇದೆ, ಹುಷಾರು. ‘ಕೊ’ವನ್ನು ಸರಿಯಾಗಿ ನೋಡಿ: ತಲೆ ಮೇಲೆ ಎತ್ವ, ಬಲಗಡೆ ಕೊಂಬಿನ ಇಳಿ. ಅಂದರೆ ಹ್ರಸ್ವವಾದ ಕೊ ಒಳಗೆ ದೀರ್ಘವಾದ ಕೂ ಗುರುತು ಕೂತಿದೆ! ಇಳಿ ಕಂಡರೆ ಎಳೆದು ಓದಬೇಕು ಅಂತ ಕಲಿತ ಮಗು ‘ಕೊಡು’ ನೋಡಿ ‘ಕೂಡು’ ಅಂತಲೋ ‘ಕೋಡು’ ಅಂತಲೋ ಓದಿದರೆ ಅದರದ್ದೇನು ತಪ್ಪು? ಓದುವ ಕ್ರಮ ಹೇಳಿಕೊಡಿ. ಮೊದಲು ತಲೆ ನೋಡು, ಎತ್ವ ಇದೆಯಾ? ಆಮೇಲೆ ಬಲಗಡೆ ನೋಡು. ಕೊನೆಗೆ, ಅದರಾಚೆ ದೀರ್ಘ ಇದೆಯಾ ನೋಡು. ಕೂಡು, ಕೊಡು, ಕೋಡು ಮೂರೂ ಪದಗಳೇ ಆಗಿರುವುದು ನಮ್ಮ ಪುಣ್ಯ. ‘ಎರಡಕ್ಕೆ ಮೂರು ಕೂಡು’, ‘ನನಗೆ ಕೊಡು’, ‘ಎಮ್ಮೆಯ ಕೋಡು’ ಅಂತ ಮೂರು ಚೀಟಿ ಬರೆದು ಗೋಡೆಗೆ ಅಂಟಿಸಿ. ಬರೆಯುವಾಗಲೂ ಅದೇ ಕ್ರಮ.

ಪು, ಪೂ, ವು, ವೂಗಳಲ್ಲಿ ಕೊಂಬು ಪಕ್ಕಕ್ಕೆ ಬರದೆ ಕೆಳಗಿಂದ ಬರುತ್ತದೆ, ಇಲ್ಲದಿದ್ದರೆ ವು ನೋಡಿದರೆ ಮ ಅನಿಸಿಬಿಡುತ್ತಿತ್ತು. ಮ, ಯಗಳ ಕಾಗುಣಿತವೂ ಸ್ವಲ್ಪ ವಕ್ರ. ಇವನ್ನೆಲ್ಲ ಕೊನೆಗೆ ಇಟ್ಟುಕೊಳ್ಳಿ. ಪದದ ಮೊದಲಲ್ಲಿ ಬರುವ ಸ್ವರಗಳಲ್ಲಿ ಆ, ಊ, ಏ, ಓಗಳಿಗೆ ಅವುಗಳ ಹ್ರಸ್ವದ ಹೋಲಿಕೆ ಇದೆ. ಇ ಮತ್ತು ಈ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಇವೆ, ಅವನ್ನು ಇಲಿ, ಈಜು ಅಂತ ಚಿತ್ರದ ಜೊತೆಗೇ ನೆನಪಿಡಬೇಕು, ಬೇರೆ ದಾರಿ ಇಲ್ಲ.

ಅಕ್ಷರದ ಸದ್ದಿನಿಂದ ಓದು ಕಲಿಸುವ ಇಂಗ್ಲಿಷ್ ಫೋನಿಕ್ಸ್ ವಿಡಿಯೋ ನೋಡಿ ಅದೇ ಪದ್ಧತಿಯನ್ನು ಕನ್ನಡಕ್ಕೂ ತರುವವರಿಗೆ ಒಂದು ಮಾತು. ಅಲ್ಲಿ ‘ಲಾಂಗ್ ಐ’ ಅಂದರೆ ಕೈಟ್‌ನಲ್ಲಿ ಬರುವ ಸದ್ದು, ಶಾರ್ಟ್ ಅಂದರೆ ಕಿಟ್‌ನಲ್ಲಿ ಬರುವುದು. ಸದ್ದೇ ಬೇರೆ ಆಗುತ್ತದೆ. ನಮ್ಮಲ್ಲಿ ಸದ್ದು ಹೆಚ್ಚುಕಡಿಮೆ ಅದೇ, ಹಿಡಿಯುವ ಹೊತ್ತು ಮಾತ್ರ ಜಾಸ್ತಿ. ಎರಡನ್ನೂ ಒಂದೇ ದಿನ, ಒಂದೇ ಹೆಸರು ಹೇಳಿ ಕಲಿಸಿದರೆ ಮಗು ಸುಮ್ನೆ ಒದ್ದಾಡುತ್ತದೆ. ಕನ್ನಡದಲ್ಲಿ ಗಿಡ್ಡ, ಉದ್ದ ಅನ್ನಿ, ಲಾಂಗು ಶಾರ್ಟು ಬೇಡ. ಮನೆಯಲ್ಲಿ ಹಿಂದಿ ಆಡುವ ಮಕ್ಕಳಿಗೆ ಎ-ಏ, ಒ-ಓ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಯಾಕಂದರೆ ಹಿಂದಿಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಅಕ್ಷರವೇ ಇಲ್ಲ. ತಮಿಳು, ತೆಲುಗು, ಮಲಯಾಳದಲ್ಲಿ ಎರಡೂ ಇವೆ, ಆ ಮನೆಗಳ ಮಕ್ಕಳಿಗೆ ಇದು ಹೊಸದಲ್ಲ.

ಮನೆಯ ಮಾತೂ ನಡುವೆ ಬರುತ್ತದೆ. ಬಹಳ ಕಡೆ ಬೇಡ ಅನ್ನೋದು ‘ಬ್ಯಾಡ’, ಮೇಲೆ ಅನ್ನೋದು ‘ಮ್ಯಾಲೆ’. ಮಗು ಹಾಗೇ ಬರೆದರೆ ಅದರ ಕಿವಿ ಚುರುಕಾಗಿದೆ ಅಂತ ಅರ್ಥ. ತಪ್ಪು ಅಂತ ಹೊಡೆದು ಹಾಕಬೇಡಿ. ‘ನಾವು ಬ್ಯಾಡ ಅಂತೀವಿ, ಪುಸ್ತಕದಲ್ಲಿ ಬೇಡ ಅಂತ ಬರೀತಾರೆ’ ಅಂದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ.

ಪದದ ಕೊನೆಯಲ್ಲಿ ಬರುವ ದೀರ್ಘವನ್ನು ಬೇರೆಯಾಗಿಯೇ ಕಲಿಸಬೇಕು, ಇದು ನನಗೆ ತುಂಬಾ ಇಷ್ಟವಾದ ಭಾಗ. ಕನ್ನಡದ ಪದಗಳು ಹೆಚ್ಚಾಗಿ ಹ್ರಸ್ವದಲ್ಲೇ ಮುಗಿಯುತ್ತವೆ. ಕೊನೆಯಲ್ಲಿ ದೀರ್ಘ ಬಂತು ಅಂದರೆ ಅದು ಏನೋ ಹೇಳುತ್ತಿರುತ್ತದೆ. ‘ಊಟ ಆಯ್ತು’ ಅಂದರೆ ಮುಗೀತು, ‘ಊಟ ಆಯ್ತಾ’ ಅಂದರೆ ಪ್ರಶ್ನೆ. ‘ಇಲ್ಲಿ’ ಅಂದರೆ ಇಲ್ಲೆಲ್ಲೋ, ‘ಇಲ್ಲೇ’ ಅಂದರೆ ಬೇರೆಲ್ಲೂ ಅಲ್ಲ. ‘ಯಾರು ಬಂದರು’ ಅಂದರೆ ಕೇಳುವುದು, ‘ಯಾರೋ ಬಂದರು’ ಅಂದರೆ ಗೊತ್ತಿಲ್ಲ. ‘ಅಮ್ಮ’ ಅಡುಗೆಮನೆಯಲ್ಲಿ ಇರುತ್ತಾಳೆ, ‘ಅಮ್ಮಾ’ ಅಂತ ಕೂಗುತ್ತೇವೆ. ಮಗು ಇದನ್ನೆಲ್ಲ ಶಾಲೆಗೆ ಬರುವ ಮೊದಲೇ ದಿನಪೂರ್ತಿ ಆಡಿರುತ್ತದೆ. ಚೀಟಿಯಲ್ಲಿ ‘ಹಸಿವಾ’, ‘ಬಂತಾ’, ‘ಅವನೇ’, ‘ಏನೋ’ ಅಂತ ಬರೆದು ಕೊಡಿ, ಓದುವಾಗ ದನಿಯೂ ಹಾಗೇ ತಿರುಗಬೇಕು ಅನ್ನಿ. ಗೆಳೆಯರ ಹೆಸರುಗಳನ್ನೂ ಬರೆಸಿ: ರಮಾ ಮತ್ತು ರಾಮ ಒಂದೇ ಕ್ಲಾಸಿನಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಸಿಗಲ್ಲ.

ಪರೀಕ್ಷೆ, ನಿರೀಕ್ಷೆಯಂಥ ಪದಗಳನ್ನು ಈಗಲೇ ಮುಟ್ಟಬೇಡಿ. ದೊಡ್ಡವರೇ ‘ಪರಿಕ್ಷೆ’, ‘ನೀರಿಕ್ಷೆ’ ಅಂತ ಬರೆಯುತ್ತಾರೆ. ಅಲ್ಲಿ ಮುಂದೆ ಕ್ಷ ಇರುವುದರಿಂದ ರಿ ಆದರೂ ಗುರು, ರೀ ಆದರೂ ಗುರು, ಹಾಗಾಗಿ ಕಿವಿ ಅಷ್ಟಾಗಿ ಸಹಾಯ ಮಾಡುವುದಿಲ್ಲ, ನೋಡಿ ನೋಡಿ ನೆನಪಿಡಬೇಕು. ಅದು ಮೂರನೇ, ನಾಲ್ಕನೇ ಕ್ಲಾಸಿನ ಕೆಲಸ. ಅಷ್ಟರವರೆಗೆ ಬೀದಿಯಲ್ಲಿ ಹೋಗುವಾಗ ಬೋರ್ಡು, ಫ್ಲೆಕ್ಸು ಓದಿಸುತ್ತಾ ಇರಿ. ‘ಶುಭ ಕೊರುವವರು’ ಅಂತ ಎಲ್ಲಾದರೂ ಕಂಡರೆ ನೀವು ಬಾಯಿ ಬಿಡಬೇಡಿ, ದೀರ್ಘ ಎಲ್ಲಿ ಹೋಯ್ತು ಅಂತ ಮಗುವೇ ಕೇಳಲಿ.